ಜೈಲಿಗೆ ಹೋದ ಮ್ಲೂಖಿಯಾ

ಟುನೀಸ್‌ನಲ್ಲಿ ಓದುವಾಗ ನಾನು ಬರೆದ ಪ್ರಬಂಧ ನಮ್ಮ ದೇಶದ ಕೈದಿಗಳ ಸಂಖ್ಯೆಯ ಏರಿಳಿತದ ಬಗ್ಗೆ. ಹಬ್ಬ ಬಂದರೆ ಕ್ಷಮಾದಾನ, ಸಂಖ್ಯೆ ಇಳಿಯುತ್ತದೆ. ಹಬ್ಬ ಕಳೆದರೆ ಮತ್ತೆ ಏರುತ್ತದೆ. ಗೆರೆ ಎಳೆದರೆ ಗರಗಸದ ಹಲ್ಲು.

ಅತ್ತೆ ಮನ್ನೂಬಿಯಾಗೆ ಅದರಲ್ಲಿ ಒಂದೇ ವಿಷಯ ಬೇಕಿತ್ತು.

"ಅಷ್ಟೆಲ್ಲ ಓದಿದೀಯಲ್ಲ, ಈ ಸಲ ನನ್ನ ಮೊಂಜಿ ಇಳಿಯೋದ್ರಲ್ಲಿ ಇದಾನಾ, ಇಲ್ವಾ?"

ಮೊಂಜಿ ನನ್ನ ಮೈದುನ. ಮೀನು ಮಾರುಕಟ್ಟೆಯಲ್ಲಿ ನಗರಸಭೆಯ ಅಧಿಕಾರಿಯ ಕೆನ್ನೆಗೆ ಆಕ್ಟೋಪಸ್‌ನಿಂದ ಬಾರಿಸಿ ಒಳಗೆ ಹೋದವನು. ಅಂಥ ಸಣ್ಣ ತಪ್ಪಿನವರೆಲ್ಲ ಹಬ್ಬಕ್ಕೆ ಮನೆಗೆ ಬಂದರು, ಇವನು ಬರಲಿಲ್ಲ. ಪ್ರತಿ ಹಬ್ಬದ ಮುಂಚೆ ಇವನ ಮೇಲೊಂದು ದೂರು ಹುಟ್ಟುತ್ತಿತ್ತು. ಚಮಚ ಬಚ್ಚಿಟ್ಟ. ನಿದ್ದೆಯಲ್ಲಿ ಹಾಡಿದ. ಕಾವಲುಗಾರನ ಟೋಪಿ ಹಾಕಿಕೊಂಡ. ದೂರು ಇದ್ದವನಿಗೆ ಕ್ಷಮೆಯಿಲ್ಲ.

ಕಾರಣ ತಿಳಿದದ್ದು ಹಮ್ಮಾದಿಯಿಂದ. ಅವನು ಮೊಂಜಿಯ ಕೋಣೆಯಲ್ಲೇ ಇದ್ದವನು. ಬಿಡುಗಡೆಯಾಗಿ, ಅತ್ತೆ ಮೊಂಜಿಗೆ ಕಳಿಸುತ್ತಿದ್ದ ಊಟದ ಬುಟ್ಟಿಯ ಖಾಲಿ ಬೋಗುಣಿ ಹಿಡಿದು ನಮ್ಮ ಮನೆಗೆ ಬಂದ.

"ಇದನ್ನ ಕೊಟ್ಟು ಹೋಗೋಣ ಅಂತ ಬಂದೆ ಅಮ್ಮಾ. ಒಳಗೆ ಒಂಚೂರು ಮ್ಲೂಖಿಯಾ ಏನಾದ್ರೂ ಇದ್ರೆ..."

ಒಣಸೊಪ್ಪಿನ ಪುಡಿಯಲ್ಲಿ ಮಾಂಸ ಬೇಯಿಸಿದ ಆ ಕಡುಹಸಿರು ಸಾರನ್ನು ಅತ್ತೆ ಬಡಿಸಿದರು. ಅವನು ಕಣ್ಣು ಮುಚ್ಚಿ ತಿಂದ.

"ಇದನ್ನ ಬಿಟ್ಟು ಬರೋಕೆ ಅಳು ಬಂತು. ನಮ್ಮ ಕೋಣೇಲಿ ಯಾರ ಬುಟ್ಟಿ ಬಂದ್ರೂ ಎಲ್ಲರದೂ. ಮೊಂಜಿ ಹೊರಟ್ರೆ ಮ್ಲೂಖಿಯಾನೂ ಹೊರಡುತ್ತಲ್ಲ. ಅದಕ್ಕೇ ನಮ್ಮ ಕೋಣೆಯ ಹಿರಿಯರು, ಶಾದ್ಲಿ ಕಾಕ, ಹಬ್ಬಕ್ಕೆ ಮುಂಚೆ ಒಂದು ದೂರು ಕೊಟ್ಬಿಡ್ತಾರೆ. ಪ್ರೀತಿಯಿಂದ್ಲೇ ಅಮ್ಮಾ."



"ಅಷ್ಟು ಚೆನ್ನಾಗಿರುತ್ತಾ?" ಎಂದರು ಅತ್ತೆ. ಆಮೇಲೆ ಅವನ ಮುಂದಿನ ತಟ್ಟೆ ಎಳೆದುಕೊಂಡರು.

ಬುಟ್ಟಿ ನಿಲ್ಲಿಸಿಬಿಡಿ ಎಂದೆ.

"ನನ್ನ ಮಗ ಜೈಲಿನ ಕಾಳು ತಿನ್ಬೇಕಾ? ಓಣಿಯವರು ಏನಂತಾರೆ?"

"ಹಾಗಾದ್ರೆ ಕೆಟ್ಟದಾಗಿ ಮಾಡಿ."

ಪ್ರಯತ್ನಿಸಿದರು. ಕೈ ಕೇಳಲಿಲ್ಲ. ಮಾಂಸ ಎಂದಿನಂತೆ ಕರಗಿತು, ಎಣ್ಣೆ ಎಂದಿನಂತೆ ಮೇಲೆ ತೇಲಿತು. ಅತ್ತೆ ರುಚಿ ನೋಡಿ ನಿಟ್ಟುಸಿರು ಬಿಟ್ಟು ನನ್ನತ್ತ ತಿರುಗಿದರು.

"ನೀನು ಮಾಡು."

"ನಾನಾ?"

"ನನ್ನ ದೊಡ್ಡ ಮಗ ಸತ್ತಿದ್ದು ಸಮುದ್ರದಲ್ಲಿ, ನಿನ್ನ ಅಡುಗೆಯಿಂದಲ್ಲ. ಕೇಳಿದವರಿಗೆಲ್ಲ ನಾನು ಹಾಗೇ ಹೇಳಿದೀನಿ. ಆದ್ರೆ ಆ ಅಡುಗೆ ಎಂಥದು ಅಂತ ಈ ಮನೇಲಿ ಎಲ್ಲರಿಗೂ ಗೊತ್ತು."

ಅವನು ಹೋದ ಮೇಲೆ ನಾನು ಒಲೆ ಮುಟ್ಟಿರಲಿಲ್ಲ. ಬೇಕೆಂದು ಕೆಡಿಸಲಿಲ್ಲ, ಮನಸ್ಸಿಟ್ಟೇ ಮಾಡಿದೆ. ಹಸಿ ಹುಲ್ಲಿನ ವಾಸನೆ ಬಂತು. ಚಮಚ ನೆಟ್ಟರೆ ನೆಟ್ಟಗೆ ನಿಂತಿತು. ನನ್ನ ಗಂಡ ಇದನ್ನೇ ಎರಡನೇ ಸಲ ಹಾಕಿಸಿಕೊಳ್ಳುತ್ತಿದ್ದ.

ಜೈಲಿನ ಬಾಗಿಲಲ್ಲಿ ಬುಟ್ಟಿ ನೋಡುವ ಕಾವಲುಗಾರ ಯಾವಾಗಲೂ ಒಂದು ತುತ್ತು ಪರೀಕ್ಷಿಸುತ್ತಿದ್ದ. ಈ ಸಲ ಮುಚ್ಚಳ ತೆಗೆದು ಮತ್ತೆ ಮುಚ್ಚಿದ.

"ಇದು ಊಟಾನಾ ತಾಯಿ, ಡಾಂಬರಾ?"

"ಊಟ."

"ಒಳಗಿರೋರು ಏನು ತಪ್ಪು ಮಾಡಿದ್ರು?"

ನಾಲ್ಕಾರು ಬುಟ್ಟಿ ಹೋದ ಮೇಲೆ ಭೇಟಿಯ ದಿನ ಬಂತು. ಗಾಜಿನ ಆಚೆ ಮೊಂಜಿ ಇಳಿದುಹೋಗಿದ್ದ.

"ಅತ್ತಿಗೆ, ನಿಮಗೆ ನಾನೇನು ಮಾಡಿದೀನಿ?"

"ಹಬ್ಬದ ತನಕ ತಿನ್ನು."

"ಶಾದ್ಲಿ ಕಾಕ ನನ್ನ ಪರವಾಗಿ ಜೈಲರ್ ಹತ್ರ ಹೋಗಿದ್ರು. ಮೊಂಜಿ ದೇವದೂತ, ಅವನನ್ನ ಇಲ್ಲಿಟ್ಕೊಳ್ಳೋದು ಪಾಪ, ಅಂದ್ರಂತೆ. ಕಣ್ಣಲ್ಲಿ ನೀರು ಬೇರೆ."

ಹಬ್ಬದ ಬೆಳಿಗ್ಗೆ ಮೊಂಜಿ ಮನೆಗೆ ಬಂದ. ಅಮ್ಮನ ಕೈಗೆ ಮುತ್ತಿಟ್ಟು, ನೇರ ಅಡುಗೆಮನೆಗೆ ಹೋಗಿ ಒಲೆಯ ಮುಂದೆ ಯಾರಿದ್ದಾರೆಂದು ನೋಡಿದ. ಯಾರೂ ಇರಲಿಲ್ಲ. ಆಮೇಲೆ ಕೂತ.

ಸಂಜೆ ಪಕ್ಕದ ಮನೆಯ ಸಾಸಿಯಾ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಖಾಲಿ ಬುಟ್ಟಿ.

"ಮಗಳೇ, ಜೈಲಲ್ಲಿರೋ ನಮ್ಮ ಲುತ್ಫಿಗೂ ಒಂದು ಬೋಗುಣಿ ಮಾಡ್ಕೊಡ್ತೀಯಾ? ಮುಂದಿನ ಹಬ್ಬಕ್ಕೆ ಮನೇಲಿರ್ಲಿ ಅಂತ."

ಅವಳ ಹಿಂದೆ ಇನ್ನೂ ಕೆಲವು ಬುಟ್ಟಿಗಳು ಕಂಡವು.

ಗರಗಸದ ಮುಂದಿನ ಹಲ್ಲು ತುಸು ಆಳವಾಗಬಹುದು. ಮ್ಲೂಖಿಯಾ ಪುಡಿ ಎಷ್ಟಿದೆಯೆಂದು ನೋಡಲು ನಾನು ಒಳಗೆ ಹೋದೆ.