ಹೊಸ ಎಲೆ ಬಿಡದ ಆರ್ಕಿಡ್

ಹೆಂಡತಿ ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಂಡ ಆರ್ಕಿಡ್ ಹೊಸ ಎಲೆ ಬಿಡುವುದನ್ನೇ ನಿಲ್ಲಿಸಿದ್ದರಿಂದ, ಕ್ಷೌರಿಕ ತನ್ನ ಅಂಗಡಿ ಮುಚ್ಚಿ ಕುಂಡವನ್ನು ನರ್ಸರಿಗೆ ಹೊತ್ತೊಯ್ದ. ನರ್ಸರಿಯವಳು ಎಲೆಗಳ ನಡುವಿನ ಸುಳಿಯನ್ನು ಬೆರಳಿನಿಂದ ಒತ್ತಿ ನೋಡಿದಳು. ಅದು ಕಂದಾಗಿ ಮೆತ್ತಗಾಗಿತ್ತು.

"ಮೇಲಿಂದ ನೀರು ಹಾಕ್ತೀರಾ?"

"ನಮ್ಮವಳು ದಿನಾ ತಲೆಗೆ ಸ್ನಾನ ಮಾಡಿಸ್ತಾಳೆ, ಮಗುಗೆ ಮಾಡಿಸಿದ ಹಾಗೆ."

"ಸುಳಿಯಲ್ಲಿ ನೀರು ನಿಂತು ಕೊಳೆತುಹೋಗಿದೆ, ಅಣ್ಣ. ಇರೋ ಎಲೆಗಳು ಕೆಲವು ತಿಂಗಳು ಹಸಿರಾಗೇ ಇರ್ತವೆ. ಹೊಸದು ಮಾತ್ರ ಇನ್ನು ಬರಲ್ಲ."

ಮನೆಯಲ್ಲಿ ಹೆಂಡತಿ ಬಾಗಿಲಲ್ಲೇ ಕಾದಿದ್ದಳು. "ಏನಂತೆ ರೀ?"

ನಿಜ ಹೇಳಲು ಅವನಿಗೆ ಬಾಯಿ ಬರಲಿಲ್ಲ. "ಬೆಳಕು ಸಾಲದಂತೆ."

"ಅಷ್ಟೇನಾ!" ಎಂದವಳೇ ಕುಂಡಕ್ಕೆ ಜಾಗ ಮಾಡಲು ಹೊಲಿಗೆ ಯಂತ್ರವನ್ನು ಕಿಟಕಿಯ ಬಳಿಯಿಂದ ಸರಿಸತೊಡಗಿದಳು. ಅವನು ಅದರ ಇನ್ನೊಂದು ಕಡೆ ಹಿಡಿದುಕೊಂಡ.