ರಸ್ತೆ ಕಡೆಯ ಬೆಂಚು

“ಏಯ್, ಒಳಗಿನ ಕುರ್ಚಿ ಮುಟ್ಬೇಡ! ಗುಪ್ತರೋಗದವ್ರದ್ದು ಹೊರಗಡೆ ಬೆಂಚು. ಹೋಗಿ ಅಲ್ಲಿ ಕೂತ್ಕೋ!”

ಆಸ್ಪತ್ರೆಯ ಜವಾನ ಅರಚಿದ್ದು ಎದುರಿನ ಚಹಾ ಅಂಗಡಿಯವರೆಗೂ ಕೇಳಿಸಿತು. ಗುಪ್ತವಂತೆ ಗುಪ್ತ, ಅವನ ಬಾಯಿಗಿಷ್ಟು ಮಣ್ಣು ಹಾಕ! ನನ್ನ ನಾದಿನಿ ತಲೆ ತಗ್ಗಿಸಿ ಹೊರಗೆ ಬಂದಳು. ಹಿಂದೊಮ್ಮೆಯೂ ಹೀಗೇ ಬಂದು, ಬೆಂಚು ನೋಡಿ ವಾಪಸ್ ಓಡಿದ್ದಳು. ಈ ಸಲ ನಾನು ಅವಳ ರಟ್ಟೆ ಬಿಡಲಿಲ್ಲ.

ಬೆಂಚು ರಸ್ತೆಗೆ ಮುಖ ಮಾಡಿತ್ತು. ಅದರ ಮೇಲೆ ಕೂತವರಿಗೆ ಏನು ಕಾಯಿಲೆ ಎಂದು ಊರಿಗೆಲ್ಲ ಗೊತ್ತು. ಹಾಗಾಗಿ ಯಾರೂ ಕೂರುವುದಿಲ್ಲ. ಕೂರದವರಿಗೆ ಪರೀಕ್ಷೆಯೂ ಇಲ್ಲ. ನಾಯಿಯೊಂದು ಮಾತ್ರ ಅದರ ಕೆಳಗೆ ಹಾಯಾಗಿ ಮಲಗಿತ್ತು.

ನಾದಿನಿ ಬಸುರಿ. ಹೋದ ಸಲದ ಕೂಸು ಹೊಟ್ಟೆಯಲ್ಲೇ ಸತ್ತು ಹುಟ್ಟಿತ್ತು. ಆಗ ಅವಳ ಮೈಮೇಲೆ ಗುಳ್ಳೆ ಎದ್ದಿದ್ದವು, ಉಷ್ಣವೆಂದು ಸುಮ್ಮನಾಗಿದ್ದೆವು. ಈ ಸಲ ಮನೆಗೆ ಬಂದ ನರ್ಸಮ್ಮ ಬಿಡಿಸಿ ಹೇಳಿದ್ದಳು: ಇದು ಗಂಡನಿಂದ ಅಂಟಿದ ಗುಪ್ತರೋಗವಿರಬಹುದು, ಈಗಲೇ ರಕ್ತ ಪರೀಕ್ಷೆ ಮಾಡಿಸಿದರೆ ಇಂಜೆಕ್ಷನ್‌ಗೆ ವಾಸಿಯಾಗುತ್ತದೆ, ಮಗುವನ್ನು ಉಳಿಸಬಹುದು, ತಡ ಮಾಡಬೇಡಿ.

ಬೆಳಿಗ್ಗೆ ನಾನು ರಜೆ ಕೇಳಿದರೆ ಕಟ್ಟಡದ ಕೆಲಸದ ಮೇಸ್ತ್ರಿ ಹಲ್ಲು ಕಿರಿದಿದ್ದ. “ಎಲ್ಲಿ ನೋವಮ್ಮಾ? ತೋರ್ಸು, ಕೊಡ್ತೀನಿ.”

“ನಿಮ್ಮಮ್ಮನ್ನ ಕೇಳೋ, ಹಲ್ಕಾ ನನ್ಮಗನೇ!” ನಮ್ಮ ಗುಂಪಿನ ಹಿರಿಯಳು ದೊಡ್ಡಕ್ಕ ಬುಟ್ಟಿ ಬಿಸಾಕಿ ಆಸ್ಪತ್ರೆಗೆ ಹೊರಟಳು. ಅವಳ ಹಿಂದೆ ಕಲ್ಲು ಹೊರುವ ನಾವೆಲ್ಲ.

ಈಗ ನೋಡಿದರೆ ಚಹಾ ಅಂಗಡಿಯಲ್ಲಿ ನಾದಿನಿಯ ಗಂಡನೇ ಲೋಟ ಹಿಡಿದು ಕೂತಿದ್ದಾನೆ! ಲಾರಿ ಓಡಿಸುವವನು. ಎಲ್ಲೆಲ್ಲೋ ಹೋಗಿ ಏನೇನೋ ಅಂಟಿಸಿಕೊಂಡು ಬಂದವನು, ನಮ್ಮ ಗುರುತೇ ಇಲ್ಲದವನಂತೆ ಗೆಳೆಯರ ಜೊತೆ ಕಿಸಿಯುತ್ತಿದ್ದ. ನನಗೆ ಮೈಯೆಲ್ಲ ಉರಿದುಹೋಯಿತು.

“ಅತ್ತಿಗೇ, ಸತ್ರೂ ಇದ್ರ ಮೇಲೆ ಕೂರಲ್ಲ.”

“ಕೂತ್ಕೊಳೇ,” ಎಂದಳು ದೊಡ್ಡಕ್ಕ. “ಗಟ್ಟಿಯಾಗಿ ಹಿಡ್ಕೊ, ಬಿದ್ಗಿದ್ದೀಯ.”

ನನಗೆ ನಗು ತಡೆಯಲಾಗಲಿಲ್ಲ. ದಿನವಿಡೀ ಚಪ್ಪಡಿ ಹೊತ್ತು ಮಹಡಿ ಹತ್ತುವವರಿಗೆ ಇದೊಂದು ಭಾರವೇ? ಮೂಲೆಗೊಬ್ಬರಂತೆ ಹಿಡಿದೆವು. ನಾದಿನಿಯ ಸಮೇತ ಬೆಂಚು ಮೇಲೆದ್ದಿತು. ನಾಯಿ ಬಾಲ ಮುದುರಿ ಓಟ ಕಿತ್ತಿತು.

“ಏಯ್, ಏಯ್! ಸರ್ಕಾರಿ ಬೆಂಚು ಕಣ್ರೇ!”

“ದಾರಿ ಬಿಡಪ್ಪಾ, ಕಾಲ್ಮೇಲೆ ಬಿದ್ದೀತು.”

ಜವಾನ ಗೋಡೆಗೆ ಅಂಟಿಕೊಂಡ. ಸೀದಾ ಡಾಕ್ಟರಮ್ಮನ ಮೇಜಿನ ಮುಂದೆ ಇಳಿಸಿದೆವು. ಅವಳು ಏನಾದರೂ ಕೇಳುವ ಮೊದಲೇ ನಾದಿನಿ ತೋಳು ಚಾಚಿದಳು.

“ರಕ್ತ ತಗೊಳ್ಳಿ. ನನ್ ಮಗು ಬೇಕು ನಂಗೆ.”

ತುಸು ಹೊತ್ತಿನಲ್ಲೇ ಕಾಯಿಲೆ ಇರುವುದು ಗೊತ್ತಾಯಿತು. ಇಂಜೆಕ್ಷನ್ ಕೊಟ್ಟು ಡಾಕ್ಟರಮ್ಮ ಹೇಳಿದಳು, “ಇವ್ರಿಗೆ ಮಾತ್ರ ಕೊಟ್ರೆ ಸಾಲ್ದು. ಗಂಡನೂ ಬರ್ಬೇಕು, ಇಲ್ದಿದ್ರೆ ಮತ್ತೆ ಅಂಟುತ್ತೆ.”

“ಅವ್ರು ಬರೋರಲ್ಲ ಬಿಡಿ,” ಎಂದಳು ನಾದಿನಿ. ಬಾಗಿಲಾಚೆಯ ಚಹಾ ಅಂಗಡಿಯತ್ತ ನೋಡಿ, ಎದ್ದು ನಿಂತಳು. “ಅಕ್ಕಾ, ಬೆಂಚು ಎತ್ತಿ.”

ಅವಳು ಮುಂದೆ, ನಾವು ಹಿಂದೆ. ರಸ್ತೆ ದಾಟಿ ಚಹಾ ಅಂಗಡಿಯಲ್ಲಿ ಕೂತಿದ್ದ ಗಂಡನ ಮೊಣಕಾಲಿಗೆ ತಗಲುವಂತೆ ಇಳಿಸಿದೆವು. ನಾದಿನಿ ಅವನ ಕೈಯಿಂದ ಲೋಟ ಕಿತ್ತುಕೊಂಡಳು.

“ನೀನೂ ರಕ್ತ ಕೊಡ್ಬೇಕಂತೆ. ನಡ್ಕೊಂಡ್ ಬರ್ತೀಯೋ, ಹೊತ್ಕೊಂಡ್ ಹೋಗ್ಬೇಕೋ?”

ಅವನು ಗೆಳೆಯರ ಮುಖ ನೋಡಿದ. ನಾವು ಅಂಗೈಗೆ ಉಗುಳಿ ಉಜ್ಜಿಕೊಂಡು ಬೆಂಚಿಗೆ ಬಗ್ಗಿದೆವು.