ನೀರು ಬಿಡುವ ವಾಕ್ಯ

ಒಂದು ಇಂಗ್ಲಿಷ್ ಪದದ ಅರ್ಥ ಕೇಳಿದರೆ ಬದರಿನಾಥರು ಅದರ ತಾತ ಮುತ್ತಾತಂದಿರನ್ನೆಲ್ಲ ಕರೆತಂದು ಎದುರಿಗೆ ಕೂರಿಸುತ್ತಿದ್ದರು. ಜಯನಗರದ ಕಾಲೇಜೊಂದರಲ್ಲಿ ಮೂವತ್ತನಾಲ್ಕು ವರ್ಷ ಇಂಗ್ಲಿಷ್ ಪಾಠ ಮಾಡಿದ ಚಾಳಿ ಅದು. ನಿವೃತ್ತರಾದ ಮೇಲೆ ಕೇಳುವವರು ಕಡಿಮೆಯಾಗಿದ್ದರು. ಹೆಂಡತಿ ವಾರಿಜಾ ಅಂತೂ, ಅವರು ‘ಇದು ಮೂಲದಲ್ಲಿ’ ಎಂದು ಬಾಯಿ ತೆರೆದ ಕೂಡಲೇ ಮಿಕ್ಸಿ ಹಾಕುತ್ತಿದ್ದರು. ಹಾಗಾಗಿ ಬಿಳೇಕಹಳ್ಳಿಯ ಅವರ ಅಪಾರ್ಟ್‌ಮೆಂಟಿನ ಬಾಗಿಲಿಗೆ ಎಪ್ಪತ್ತಾರು ವರ್ಷದ ತಿಮ್ಮರಾಯಪ್ಪ ಬಂದು, ಇಂಗ್ಲಿಷ್ ಹೇಳಿಕೊಡಬೇಕು ಎಂದಾಗ ಬದರಿನಾಥರಿಗೆ ಹೋದ ಜೀವ ಬಂದಂತಾಯಿತು.

ತಿಮ್ಮರಾಯಪ್ಪ ಹಳೇ ಊರಿನವರು. ಆ ಅಪಾರ್ಟ್‌ಮೆಂಟ್ ನಿಂತ ಜಾಗದಲ್ಲಿ ಒಂದು ಕಾಲಕ್ಕೆ ಭತ್ತ ಬೆಳೆದವರು, ಈಗ ಮೂರು ಬಿಲ್ಡಿಂಗುಗಳ ಮಾಲೀಕರು. ಅವರಿಗೆ ಇಂಗ್ಲಿಷ್ ಪೂರ್ತಿ ಬೇಕಿರಲಿಲ್ಲ, ಒಂದೇ ಒಂದು ಮಾತು ಬೇಕಿತ್ತು. ಸುತ್ತಲಿನ ಅಪಾರ್ಟ್‌ಮೆಂಟಿನವರು ಸೇರಿ ಕೆರೆ ಸಮಿತಿ ಮಾಡಿಕೊಂಡು, ಏರಿಯ ಮೇಲೆ ಕಾಂಕ್ರೀಟಿನ ವಾಕಿಂಗ್ ಪಾತ್ ಹಾಕಿಸಲು ಹೊರಟಿದ್ದರು. ಅದೇ ಜಾಗದಲ್ಲಿ ಹಳೆಯ ತೂಬು ಮಣ್ಣಿನಡಿ ಹೂತುಹೋಗಿದೆ, ಕೆರೆಯ ನೀರು ಹೊರಗೆ ಹೋಗಲು ಉಳಿದಿರುವ ದಾರಿ ಆ ಕಲ್ಲಿನ ಕಿಂಡಿಯೊಂದೇ, ಅದನ್ನು ಮುಚ್ಚಿದರೆ ಮಳೆಗಾಲದಲ್ಲಿ ನೀರು ಏರಿ ಹತ್ತಿ ಕೆಳಗಿನ ಬೀದಿಗೆ ನುಗ್ಗುತ್ತದೆ ಎಂದು ತಿಮ್ಮರಾಯಪ್ಪ ಎರಡು ಮೀಟಿಂಗುಗಳಲ್ಲಿ ಹೇಳಿದ್ದರು. ಕೆಳಗಿನ ಬೀದಿಯಲ್ಲಿ, ನೆಲಮಹಡಿಯಲ್ಲೇ, ಅವರ ಮಗಳು ಸರಸ್ವತಿಯ ಸಂಸಾರವಿತ್ತು.

ಎರಡೂ ಸಲ ಎಲ್ಲರೂ ‘ಆಯ್ತು ಅಂಕಲ್, ನೋಡೋಣ’ ಎಂದರು. ಮೀಟಿಂಗಿನ ನಡಾವಳಿಯನ್ನು ಇಂಗ್ಲಿಷಿನಲ್ಲಿ ಬರೆದುಕೊಳ್ಳುವ ಕೆಲಸ ಬದರಿನಾಥರದು. ತಿಮ್ಮರಾಯಪ್ಪನವರ ಮಾತು ಅದರಲ್ಲಿ ಸೇರಲಿಲ್ಲ. ಬೇಕೆಂದು ಬಿಟ್ಟದ್ದಲ್ಲ, ಕನ್ನಡದಲ್ಲಿ ಮಾತು ಶುರುವಾದರೆ ಅದು ಕಾಫಿ ಹೊತ್ತಿನ ಹರಟೆಯೆಂದು ಅವರ ಪೆನ್ನು ತಾನಾಗಿ ನಿಂತುಬಿಡುತ್ತಿತ್ತು.

“ಇಂಗ್ಲಿಷಲ್ಲಿ ಹೇಳಿದ್ರೇನೇ ನೀವು ಬರ್ಕೊಳೋದು, ಅಲ್ವಾ ಸಾರ್?” ಎಂದು ತಿಮ್ಮರಾಯಪ್ಪ ಕೇಳಿದರು. ದನಿಯಲ್ಲಿ ಕೋಪವೇನೂ ಇರಲಿಲ್ಲ. ಬದರಿನಾಥರು ಅದನ್ನು ಕಲಿಯುವ ಹುಮ್ಮಸ್ಸು ಎಂದುಕೊಂಡರು.

ಆ ಮಾತನ್ನು ತಾವೇ ಬರೆದು ಸಮಿತಿಯ ಮುಂದಿಟ್ಟಿದ್ದರೆ ಎರಡು ನಿಮಿಷದ ಕೆಲಸ. ಆದರೆ ಹುಡುಗರ ಹೋಂವರ್ಕನ್ನು ತಾವೇ ಮಾಡಿಕೊಡುವುದು ಮೇಷ್ಟ್ರ ಜಾಯಮಾನವಲ್ಲ. ಪಾಠ ಶುರುವಾಯಿತು.

ನೀರು ಬಿಡಿ ಎನ್ನಲು ‘ಲೆಟ್’ ಸಾಕು ಎಂದರು ಬದರಿನಾಥರು. ಆ ಪದ ತಿಮ್ಮರಾಯಪ್ಪನವರಿಗೆ ಗೊತ್ತಿತ್ತು. ಅವರ ಮೂರೂ ಗೇಟುಗಳಿಗೆ ವರ್ಷಕ್ಕೊಮ್ಮೆಯಾದರೂ ‘ಟು ಲೆಟ್’ ಬೋರ್ಡು ಬೀಳುತ್ತಿತ್ತು. ಬಾಡಿಗೆಗೆ ಕೊಡುವುದು ಅದರ ಒಂದು ಅರ್ಥ ಮಾತ್ರ, ಒಪ್ಪಿಗೆ ಕೊಡುವುದೂ ಲೆಟ್, ಹಿಂದೆ ವೈದ್ಯರು ರೋಗಿಯ ರಕ್ತ ಹೊರಬಿಡುತ್ತಿದ್ದದ್ದೂ ಲೆಟ್ ಎಂದು ವಿವರಿಸುವಷ್ಟರಲ್ಲಿ ಮೊದಲ ವಾರ ಮುಗಿಯಿತು.

ಎರಡನೆಯ ವಾರ ಬದರಿನಾಥರು ತಮ್ಮ ಪಾಸ್‌ಪೋರ್ಟನ್ನೇ ತಂದು ಟೀಪಾಯಿಯ ಮೇಲಿಟ್ಟರು. ಅದರ ಮೊದಲ ಪುಟಗಳಲ್ಲೂ ‘ವಿದೌಟ್ ಲೆಟ್ ಆರ್ ಹಿಂಡ್ರೆನ್ಸ್’ ಎಂದು ಒಂದು ‘ಲೆಟ್’ ಇತ್ತು, ಅದರರ್ಥ ಅಡ್ಡಿ. ಟೆನಿಸ್ಸಿನಲ್ಲಿ ಸರ್ವ್ ಮಾಡಿದ ಚೆಂಡು ನೆಟ್ಟಿಗೆ ತಾಗಿ ಆಚೆ ಬಿದ್ದರೆ ಕೂಗುವ ಲೆಟ್ ಕೂಡ ಇದರ ಕಡೆಯದೇ ಎನ್ನುತ್ತಾರೆ. ಸಾವಿರ ವರ್ಷದ ಹಿಂದೆ ಇವು ಎರಡು ಬೇರೆ ಕ್ರಿಯಾಪದಗಳಾಗಿದ್ದವು. ಒಂದು ಬಿಟ್ಟುಕೊಡುವುದು, ಇನ್ನೊಂದು ಅಡ್ಡಗಟ್ಟುವುದು. ಜನರ ಬಾಯಲ್ಲಿ ಸವೆದೂ ಸವೆದೂ ಎರಡಕ್ಕೂ ಒಂದೇ ರೂಪ ಬಂತು. ಒಂದೇ ಪದ ಬಿಡುವುದಕ್ಕೂ ತಡೆಯುವುದಕ್ಕೂ ಆಗುವುದು ಎಂಥ ಸೋಜಿಗ ಎಂದು ಬದರಿನಾಥರು ಮುಖವರಳಿಸಿ ಕೇಳಿದರು.

ತಿಮ್ಮರಾಯಪ್ಪನವರಿಗೆ ಸೋಜಿಗವೇನೂ ಅನ್ನಿಸಲಿಲ್ಲ. “ನಮ್ಮಪ್ಪ ಈ ಕೆರೆ ನೀರುಗಂಟಿ ಸಾರ್. ತೂಬು ಎತ್ತೋದೂ ಅವ್ನೇ, ಮುಚ್ಚೋದೂ ಅವ್ನೇ. ಅದಕ್ಕೊಬ್ರು ಇದಕ್ಕೊಬ್ರು ಅಂತ ಇರ್ಲಿಲ್ಲ.”

ಬದರಿನಾಥರು ಕುಣಿದಾಡುವುದೊಂದು ಬಾಕಿ. ಇಂಥ ಉದಾಹರಣೆ ಯಾವ ನಿಘಂಟಿನಲ್ಲೂ ಇಲ್ಲ ಎಂದು ಹೇಳಿ ತಕ್ಷಣ ತಮ್ಮ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ತಿಮ್ಮರಾಯಪ್ಪನವರ ಇಷ್ಟು ದಿನದ ಮಾತಿನಲ್ಲಿ ಅವರು ಬರೆದುಕೊಂಡದ್ದು ಅದೊಂದನ್ನೇ.

ಮೂರನೆಯ ವಾರ ಉಚ್ಚಾರಣೆ, ತೂಬಿಗೆ ‘ಸ್ಲೂಸ್’ ಎನ್ನುವುದರಿಂದ ಶುರು. ಅಷ್ಟರಲ್ಲಿ ಏರಿಯ ಮೇಲೆ ಕಬ್ಬಿಣದ ಜಾಲರಿ ಹಾಸುವುದು ಶುರುವಾಗಿತ್ತು. ತಿಮ್ಮರಾಯಪ್ಪ ದಿನವೂ ಬಂದು, ಜಾಲರಿ ಇವತ್ತು ಇಷ್ಟು ದೂರ ಬಂತು ಎನ್ನುವರು. ವಾಕ್ಯ ಇನ್ನೂ ಕುದುರಿಲ್ಲ, ಅವಸರ ಬೇಡ ಎಂದು ಬದರಿನಾಥರು ಹೇಳುವರು. ಕಾಫಿ ತಂದಿಟ್ಟ ವಾರಿಜಾ ಒಮ್ಮೆ, ಅದನ್ನು ನೀವೇ ಹೇಳಬಾರದೇ ಎಂದು ಗಂಡನನ್ನು ಕೇಳಿದರು. ಅವರ ಊರಿನ ವಿಷಯ ಅವರ ಬಾಯಿಂದಲೇ ಬರಬೇಕು ಎಂದು ಬದರಿನಾಥರು ದೊಡ್ಡ ಮಾತಾಡಿದರು.

ಮೀಟಿಂಗು ಭಾನುವಾರ ಹನ್ನೊಂದಕ್ಕೆ, ಕ್ಲಬ್‌ಹೌಸಿನಲ್ಲಿ. ಕಾಂಕ್ರೀಟ್ ಲಾರಿ ಬರುವುದು ಸೋಮವಾರ. ಬಾಗಿಲಾಚೆ ಒಂದೇ ಜೊತೆ ಚಪ್ಪಲಿ ಬಿಟ್ಟಿತ್ತು, ತಿಮ್ಮರಾಯಪ್ಪನವರದು. ಅಧ್ಯಕ್ಷೆ ಪ್ರಕೃತಿ ಮೂರನೆಯ ವಿಷಯ ವಾಕಿಂಗ್ ಪಾತ್ ಎಂದು ಓದಿದಾಗ ಅವರು ಎದ್ದು, ಪಂಚೆ ಸರಿಮಾಡಿಕೊಂಡು, ನಿಧಾನವಾಗಿ ಹೇಳಿದರು.

“ದೇರ್ ಈಸ್ ಎ ಸ್ಲೂಸ್ ಅಂಡರ್ ದಿಸ್ ಪಾತ್. ಪ್ಲೀಸ್ ಡು ನಾಟ್ ಕ್ಲೋಸ್ ಇಟ್. ಲೆಟ್ ದ ವಾಟರ್ ಗೋ.”

ಚಪ್ಪಾಳೆ ಬಿತ್ತು. ಒಬ್ಬರು ಮೊಬೈಲ್ ಹಿಡಿದು, ಇನ್ನೊಂದು ಸಲ ಹೇಳಿ ಅಂಕಲ್, ವಿಡಿಯೊ ಮಾಡ್ತೀನಿ ಎಂದರು. ಸೂಪರ್ ಎಂದರು ಪ್ರಕೃತಿ. ಈ ವಯಸ್ಸಿನಲ್ಲಿ ಕಲಿಸಿದ್ದೀರಲ್ಲ ಎಂದು ಪಕ್ಕದವರು ಬದರಿನಾಥರ ಕೈಕುಲುಕಿದರು. ಬದರಿನಾಥರೂ ಚಪ್ಪಾಳೆ ತಟ್ಟಿದರು, ಕಣ್ಣು ಕೂಡ ಒದ್ದೆಯಾಯಿತು. ಪ್ರಕೃತಿ ನಾಲ್ಕನೆಯ ವಿಷಯಕ್ಕೆ ಹೋದರು. ಕೆರೆಯ ಸುತ್ತ ನಾಯಿಗಳನ್ನು ಯಾವ ಹೊತ್ತಿನಲ್ಲಿ ಕರೆತರಬಹುದು ಎಂಬ ಚರ್ಚೆ ಶುರುವಾಯಿತು.

ತಿಮ್ಮರಾಯಪ್ಪ ಕೂತು, ಬದರಿನಾಥರ ಕಡೆ ಬಾಗಿದರು.

“ಅವ್ರಿಗೆ ಗೊತ್ತಾಯ್ತಾ ಸಾರ್?”

“ಒಂದು ತಪ್ಪಿಲ್ಲ ತಿಮ್ಮರಾಯಪ್ಪನೋರೆ. ಉಚ್ಚಾರಣೆ ಕೂಡ.”

“ಅದಲ್ಲ ಸಾರ್. ನೀರಿನ ವಿಷ್ಯ.”

ಬದರಿನಾಥರು ಮಡಿಲಲ್ಲಿದ್ದ ನಡಾವಳಿಯನ್ನು ನೋಡಿದರು. ತಿಮ್ಮರಾಯಪ್ಪನವರು ಇಂಗ್ಲಿಷಿನಲ್ಲಿ ಮಾತಾಡಿದರು, ಸಭೆ ಸಂತೋಷ ವ್ಯಕ್ತಪಡಿಸಿತು ಎಂದು ಅವರದೇ ಕೈ ಬರೆದಿತ್ತು. ತೂಬಿನ ಹೆಸರಿರಲಿಲ್ಲ. ಅವರಿಗೆ ನಾಚಿಕೆಯಾಯಿತು, ಕಿವಿ ಬಿಸಿಯಾಗುವಷ್ಟು.

ಅವರು ಎದ್ದು ನಿಂತರು. ಆ ವಿಷಯ ಮುಗಿದಿದೆ ಸಾರ್ ಎಂದು ಪ್ರಕೃತಿ ಹೇಳುತ್ತಿದ್ದರೂ ಕೂರಲಿಲ್ಲ. ಆ ಸಭೆಯಲ್ಲಿ ಮೊದಲ ಸಲ ಕನ್ನಡದಲ್ಲಿ ಮಾತಾಡಿದರು, ಯಾವ ಪದದ ಮೂಲಕ್ಕೂ ಹೋಗದೆ.

“ನಾಳೆ ಕಾಂಕ್ರೀಟ್ ಹಾಕಿದ್ರೆ ತೂಬು ಮುಚ್ಚಿಹೋಗಿ ಈ ಮಳೆಗೆ ಕೆಳಗಿನ ಬೀದಿ ಮುಳುಗುತ್ತೆ. ಇವ್ರು ಮೂರು ಸಲ ಹೇಳಿದ್ರು. ನಾನು ಒಂದು ಸಲಾನೂ ಬರ್ಕೊಳ್ಲಿಲ್ಲ.”

ಈ ಸಲ ಯಾರೂ ಚಪ್ಪಾಳೆ ತಟ್ಟಲಿಲ್ಲ. ಪ್ರಕೃತಿ ಕೈಯಲ್ಲಿದ್ದ ಹಾಳೆಯನ್ನು ಮೇಜಿನ ಮೇಲಿಟ್ಟು, ಎಲ್ಲಿದೆ ಆ ತೂಬು ಎಂದು ಕೇಳಿದರು. ಬದರಿನಾಥರಿಗೆ ಗೊತ್ತಿರಲಿಲ್ಲ. ತಿಮ್ಮರಾಯಪ್ಪ ಆಗಲೇ ಬಾಗಿಲಾಚೆ ಹೋಗಿ ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದರು.